ನನ್ನ ತಮ್ಮನ ಕೆಲಸ ಮಾಡದ ಯಂತ್ರಗಳು

ನನ್ನ ತಮ್ಮನಷ್ಟು ಸೋಮಾರಿ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಕಂಪ್ಲಿಯಿಂದ ಸಂಡೂರಿನ ತನಕ ಹುಡುಕಿಕೊಂಡು ಬನ್ನಿ. ಆದರೆ ಸೋಮಾರಿಯಾಗಿ ಇರುವುದಕ್ಕೆ ಅವನು ಪಟ್ಟಷ್ಟು ಕಷ್ಟವನ್ನು ಗಾಣದ ಎತ್ತೂ ಪಟ್ಟಿರಲಿಕ್ಕಿಲ್ಲ. ಎದ್ದು ಒಂದು ಲೋಟ ನೀರು ಕುಡಿಯುವುದಕ್ಕೆ ಅವನಿಗೆ ಬೇಜಾರು. ಅದಕ್ಕೆ ಕೂತಲ್ಲಿಗೇ ನೀರು ಬರುವ ಯಂತ್ರ ಹೇಗಿರಬೇಕು ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ಕೂತು ಚಿತ್ರ ಬರೆಯುತ್ತಾನೆ. ಚಿತ್ರ ಮುಗಿಯುವಷ್ಟರಲ್ಲಿ ಗಂಟಲು ಒಣಗಿರುತ್ತದೆ. ಆಗ ತಾನೇ ಎದ್ದು ಹೋಗಿ ಕೊಡದಿಂದ ಮೊಗೆದು ಕುಡಿಯುತ್ತಾನೆ. ಇಂಥವನನ್ನು ಜನ ಕಲಾವಿದ ಅನ್ನುತ್ತಾರೆ. ನಾನು ಅವನ ಅಕ್ಕ. ನಾನು ಏನನ್ನುತ್ತೇನೆ ಅಂತ ಬರೆದರೆ ಅಚ್ಚು ಹಾಕುವವರು ಹೊಡೆದು ಹಾಕುತ್ತಾರೆ.

ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ವಾರದ ಪತ್ರಿಕೆಯಲ್ಲಿ ನನ್ನ ಮೂಗು ಬರುತ್ತದೆ. ಅವನು ಮೂಗು ಬರೆದನೆಂದರೆ ಅದು ಅರ್ಧ ಕಾಗದ ಹಿಡಿಯುತ್ತದೆ. ಕಂಪ್ಲಿಯಲ್ಲಿ ಎಲ್ಲರೂ ಅವನಿಗೆ ಪೇಂಟರ್ ಅನ್ನುತ್ತಾರೆ. ನಿಮಗೂ ಅಷ್ಟು ಸಾಕು.

ಅವನ ಚಿತ್ರ ನೋಡದವರಿಗೆ ಸ್ವಲ್ಪ ಹೇಳಬೇಕು. ಒಂದು ಹಗ್ಗ ಇರುತ್ತದೆ. ಹಗ್ಗಕ್ಕೆ ಒಂದು ಗಾಲಿ, ಗಾಲಿಗೆ ಒಂದು ಕೊಡ, ಕೊಡದ ಕೆಳಗೆ ಒಂದು ಬೆಕ್ಕು. ಬೆಕ್ಕಿನ ಮೇಲೆ ನೀರು ಬಿದ್ದರೆ ಅದು ಹಾರುತ್ತದೆ. ಹಾರಿದರೆ ಒನಕೆ ಬೀಳುತ್ತದೆ, ಒನಕೆ ಬಿದ್ದರೆ ಇನ್ನೇನೋ ಆಗುತ್ತದೆ. ಹೀಗೆ ಕಾಗದದ ತುಂಬ ಓಡಾಡಿ, ಕೊನೆಗೆ ಒಬ್ಬ ಮನುಷ್ಯನ ಬೆನ್ನಿನ ಮೇಲಿನ ನೊಣ ಹಾರಿಹೋಗುತ್ತದೆ. ಅಷ್ಟೇ. ಇದಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೊಸಪೇಟೆಯ ವಾರಪತ್ರಿಕೆಯೊಂದು ವಾರವಾರವೂ ಅದನ್ನು ಅಚ್ಚು ಹಾಕುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಸುದ್ದಿ ಓದುವುದರೊಳಗೆ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಚಿತ್ರ ಮಾತ್ರ ಪಟ್ಟನೆ ತಿಳಿಯುತ್ತದೆ. ತಿಳಿದ ಮೇಲೆ, ಬೆಳೆದ ಗಂಡಸು ಇದಕ್ಕೆ ಒಂದು ವಾರ ಕಳೆದನಲ್ಲ ಅಂತ ಸಿಟ್ಟು ಬರುತ್ತದೆ.

ಅವನಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಕರೆದುಕೊಂಡು ಹೋದ ಕಡೆಯೆಲ್ಲ ಆ ಮನೆಯ ಬಾಗಿಲಿನ ಚಿಲಕ ನೋಡುತ್ತಾ ಕೂತ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದಾನೆ. ಹೋದ ವರ್ಷ ಬಚ್ಚಲಲ್ಲಿ ಕಾಲು ಜಾರಿ ಬಿದ್ದ. ಎದ್ದು ಬರಲಾಗದೆ, ಪಕ್ಕದವರು ಕೇಳಿಸಿಕೊಳ್ಳುವ ತನಕ ಹಸಿ ನೆಲದ ಮೇಲೇ ಮಲಗಿದ್ದ. ಸುದ್ದಿ ನನಗೆ ಮುಟ್ಟಿದ್ದು ಮರುದಿನ. ಅಂದಿನಿಂದ ನಾನು ಒಂದೇ ಹಟ ಹಿಡಿದೆ: ಅವನು ಹೊಸಪೇಟೆಗೆ ಬಂದು ನನ್ನ ಮನೆಯಲ್ಲಿ ಇರಬೇಕು. ಅವನೂ ಒಂದೇ ಹಟ ಹಿಡಿದ: ಬರುವುದಿಲ್ಲ. ಈ ಜಗಳ ಹೇಗೆ ನಡೆಯಿತು ಅಂತ ಹೇಳಬೇಕಾದರೆ ಅವನು ಎಂಥವನು ಅಂತ ಮೊದಲು ಹೇಳಬೇಕು.

ಸಣ್ಣವರಿದ್ದಾಗಲೇ ಶುರುವಾಯಿತು. ನಮ್ಮವ್ವ ಅವನಿಗೆ ಕಾಲುವೆಯಿಂದ ನೀರು ತಾ ಅಂದರೆ, ಇದ್ದಿಲು ತಗೊಂಡು ಗೋಡೆಯ ಮೇಲೆ ನೀರು ತರುವ ಯಂತ್ರ ಬರೆಯುತ್ತಾ ನಿಲ್ಲುತ್ತಿದ್ದ. ಅದರಲ್ಲಿ ಎಮ್ಮೆ ಇತ್ತು, ಏಣಿ ಇತ್ತು, ನಮ್ಮಪ್ಪನ ರುಮಾಲು ಇತ್ತು. ಅವ್ವ ಕೂಗುತ್ತಿದ್ದಳು:

“ಏನಲೇ, ನೀರು ಬಂತೇನು?”

“ಇನ್ನ ಎಮ್ಮಿ ಬರೀಬೇಕಬೇ, ಜರಾ ತಡಿ.”

ಅವನು ಎಮ್ಮೆಗೆ ಬಾಲ ಹಚ್ಚುವಷ್ಟರಲ್ಲಿ ನಾನು ಹೋಗಿ ಕೊಡ ತುಂಬಿಕೊಂಡು ಬಂದಿರುತ್ತಿದ್ದೆ. ಅವನು ಗೋಡೆಯಿಂದ ತಿರುಗಿ ಕೊಡ ನೋಡಿ, “ನೋಡಬೇ, ಬಂತು” ಅನ್ನುತ್ತಿದ್ದ. ಆ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಭಾಗ ನಾನೊಬ್ಬಳೇ.

ದೊಡ್ಡವನಾದ ಮೇಲೆ ಬೋರ್ಡು ಬರೆಯುವುದನ್ನು ಕಲಿತು ಸಂಡೂರಿನ ಕಡೆ ಹೋದ. ಯಶವಂತನಗರದ ಹತ್ತಿರ ಅದಿರಿನ ಲಾರಿಗಳಿಗೆ ನಂಬರು ಬರೆಯುವ ಕೆಲಸ. ಅಲ್ಲಿ ಲಾರಿಯೂ ಕೆಂಪು, ಮರವೂ ಕೆಂಪು, ಮನುಷ್ಯರು ಉಗುಳಿದರೂ ಕೆಂಪು. ಒಂದು ಲಾರಿಯ ಮಾಲೀಕ ಹಿಂದಿನ ಹಲಗೆಯ ಮೇಲೆ ಒಂದು ಹೂವೋ ನವಿಲೋ ಬರೆ ಅಂತ ಹೇಳಿ ಊಟಕ್ಕೆ ಹೋದ. ಇವನು ಲಾರಿ ತನ್ನನ್ನು ತಾನೇ ತೊಳೆದುಕೊಳ್ಳುವ ಯಂತ್ರ ಬರೆದ. ಡ್ರೈವರ್ ಸೀನಿದರೆ ಟೋಪಿ ಹಾರಬೇಕು, ಟೋಪಿ ಹೋಗಿ ಮೇಕೆಯ ಕೊಂಬಿಗೆ ಸಿಗಬೇಕು, ಮೇಕೆ ಓಡಿ ಹಗ್ಗ ಜಗ್ಗಬೇಕು. ಕೊನೆಗೆ ನೀರಿನ ಪೀಪಾಯಿ ಬಗ್ಗಬೇಕು. ಆ ಪೀಪಾಯಿಯನ್ನು ಕೆಳಗಿನ ಮೂಲೆಯಲ್ಲಿ ಭಾಳ ಸಣ್ಣದಾಗಿ ಬರೆದಿದ್ದ.

ಆಮೇಲೇನಾಯಿತು? ಹಿಂದಿನ ಲಾರಿಗಳ ಡ್ರೈವರುಗಳು ಕೊನೆಗೆ ಏನಾಗುತ್ತದೆ ಅಂತ ನೋಡುವುದಕ್ಕೆ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ಒಬ್ಬನಂತೂ ಪೀಪಾಯಿ ನೋಡಿಯೇ ಬಿಟ್ಟ. ಬಂಪರ್ ಮುರಿಯಿತು, ಹಲಗೆ ಒಡೆಯಿತು. ಮಾಲೀಕ ನನ್ನ ತಮ್ಮನನ್ನು ಹುಡುಕಿಕೊಂಡು ಬಂದ.

“ಲೇ ಪೇಂಟರ್, ನವಿಲು ಬರಿ ಅಂದ್ರ ಏನ್ ಬರದೀಯಲೇ ಇದು?”

“ಆತನ ಕೇಳ್ರಿ, ಗುದ್ದೋಕಿಂತ ಮದಲ ನಕ್ಕಾನೋ ಇಲ್ಲೋ?”

ಕೇಳಿದರೆ ಆ ಡ್ರೈವರ್ ತಲೆಗೆ ಪಟ್ಟಿ ಕಟ್ಟಿಕೊಂಡು ಇನ್ನೂ ನಗುತ್ತಿದ್ದನಂತೆ. ಅಲ್ಲಿಂದ ತಮ್ಮನನ್ನು ಓಡಿಸಿದರು. ಸಂಡೂರಿಗೆ ಒಳ್ಳೆಯದಾಯಿತು.

ಹೊಸಪೇಟೆಗೆ ಬಂದಾಗ ವಾರಪತ್ರಿಕೆಯ ಸಂಪಾದಕರು ಇವನ ಕೈಗೆ ಸಿಕ್ಕಿದರು. ಮೊದಲ ಚಿತ್ರ ಹಂಪಿಯ ಕೋತಿಗಳದ್ದು. ಗುಡಿಗೆ ಬರುವವರ ಕೈಯಲ್ಲಿನ ಬಾಳೆಹಣ್ಣನ್ನು ಕೋತಿಗಳಿಂದ ಕಾಪಾಡುವ ಯಂತ್ರ. ಗಾಲಿ, ಹಗ್ಗ, ತಮಟೆ ಎಲ್ಲ ಇದ್ದವು. ಆದರೆ ಯಂತ್ರ ತಿರುಗಿಸುವುದಕ್ಕೆ ಯಾರಾದರೂ ಬೇಕಲ್ಲ? ಅದಕ್ಕೆ ಕೋತಿಗಳನ್ನೇ ಕೆಲಸಕ್ಕೆ ಇಟ್ಟಿದ್ದ, ಖಾಕಿ ಟೋಪಿ ಹಾಕಿಸಿ. ಅವುಗಳ ಪಗಾರ ಬಾಳೆಹಣ್ಣು. ಕೊನೆಯಲ್ಲಿ ಕಾಯಬೇಕಾದ ಹಣ್ಣೆಲ್ಲ ಪಗಾರಕ್ಕೇ ಹೋಗಿ, ಭಕ್ತರು ಖಾಲಿ ಬುಟ್ಟಿ ಹಿಡಿದುಕೊಂಡು ಕೋತಿಗಳಿಗೆ ಕೈ ಮುಗಿಯುತ್ತಿದ್ದರು. ಅದನ್ನು ನೋಡಿ ಎಷ್ಟೋ ಆಫೀಸುಗಳಲ್ಲಿ ಮುಖ ಊದಿಸಿಕೊಂಡರಂತೆ. ಯಾಕೋ ನನಗೆ ಗೊತ್ತಿಲ್ಲ. ಚಿತ್ರದಲ್ಲಿದ್ದದ್ದು ಕೋತಿಗಳೇ.

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರ ಕತೆ ಮಾತ್ರ ನಾನು ಕಣ್ಣಾರೆ ಕಂಡದ್ದು. ಅಕ್ಕಿಯಿಂದ ಕಲ್ಲು ಬೇರೆ ಮಾಡುವ ಯಂತ್ರ ಅಂತ ಇವನೊಂದು ಚಿತ್ರ ಹಾಕಿದ್ದ. ಇಳಿಜಾರು ಹಲಗೆ, ಅದರ ಮೇಲೆ ಕಲ್ಲು ಬೆರೆತ ಅಕ್ಕಿ ಜಾರಿ ಬರುತ್ತದೆ. ಎರಡೂ ಕಡೆ ಸಾಲಾಗಿ ಕೋಳಿಗಳು. ಹಲಗೆಯ ಕೆಳತುದಿಯ ಡಬ್ಬಿಯಲ್ಲಿ ಸ್ವಚ್ಛವಾಗಿ ಕಲ್ಲು ಮಾತ್ರ ಬೀಳುತ್ತದೆ. ಸಾಹುಕಾರರು ಓದಿಕೊಂಡವರು, ಹೊಸದನ್ನು ಕಂಡರೆ ಬಿಡುವವರಲ್ಲ. ಪತ್ರಿಕೆಯಲ್ಲಿ ಬಂದಿದೆ, ಅಂದ ಮೇಲೆ ಸುಳ್ಳಿರಲಿಕ್ಕಿಲ್ಲ ಅಂತ ಬಡಿಗೇರನನ್ನು ಕರೆಸಿ ಹಲಗೆ ಮಾಡಿಸಿದರು. ಸಂತೆಯಿಂದ ಕೋಳಿ ತರಿಸಿದರು. ಒಂದು ಇಡೀ ದಿನ ಯಂತ್ರ ನಡೆಯಿತು. ಸಂಜೆಗೆ ಡಬ್ಬಿಯಲ್ಲಿ ನಿಜವಾಗಿಯೂ ಕಲ್ಲು ಮಾತ್ರ ಇದ್ದವು. ಒಂದು ಕಾಳು ಅಕ್ಕಿ ಬೆರೆತಿರಲಿಲ್ಲ. ಅಕ್ಕಿ ಎಲ್ಲಿಯೂ ಇರಲಿಲ್ಲ.

ಸಾಹುಕಾರರು ಪತ್ರಿಕೆ ಹಿಡಿದುಕೊಂಡು ಬಂದಾಗ ನಾನು ತಮ್ಮನ ಕೋಣೆಯಲ್ಲೇ ಇದ್ದೆ.

“ಏನ್ರಿ ಪೇಂಟರ್ರೇ, ಅಕ್ಕಿ ಎಲ್ಲಿ?”

ನನ್ನ ತಮ್ಮ ಪತ್ರಿಕೆ ತಗೊಂಡು, ಕನ್ನಡಕ ಏರಿಸಿ, ಚಿತ್ರದ ಮೂಲೆಗೆ ಬೆರಳಿಟ್ಟ.

“ಇಲ್ಲಿ ನೋಡ್ರಿ ಸಾವ್ಕಾರ್ರೇ. ಸುರುವಿಗೆ ಕೋಳಿ ಸಣ್ಣವು ಅದಾವ. ಕಡೀಕ ದಪ್ಪ ಆಗ್ಯಾವ. ನೀವು ಚಿತ್ರ ಪೂರಾ ನೋಡ್ಲಿಲ್ಲ.”

ಸಾಹುಕಾರರು ಚಿತ್ರ ನೋಡಿದರು. ಇವನ ಮುಖ ನೋಡಿದರು. ಮತ್ತೆ ಚಿತ್ರ ನೋಡಿದರು. ಆಮೇಲೆ ನಕ್ಕರು ನೋಡಿ, ಕೂತಿದ್ದ ಕುರ್ಚಿಯ ಕಾಲು ಅಲುಗಾಡಿತು. ಮರುದಿನ ಎರಡು ದಪ್ಪ ಕೋಳಿ ಕಳಿಸಿದರು. ಆ ಕೋಣೆಯನ್ನು ಅವನಿಗೆ ಬಾಡಿಗೆ ಕೊಟ್ಟವರೂ ಅವರೇ. ಈಗಲೂ ಕಂಪ್ಲಿಯಲ್ಲಿ ಯಾರಾದರೂ ಪಂಪಿಗೆ ದಾರ ಕಟ್ಟಿ, ದಾರಕ್ಕೆ ಚಪ್ಪಲಿ ಕಟ್ಟಿ ಹೇಗೋ ನಡೆಸಿಕೊಂಡರೆ ಅದಕ್ಕೆ ‘ಪೇಂಟರ್ ಯಂತ್ರ’ ಅನ್ನುತ್ತಾರೆ. ಹಿರೇ ಸೊಸೆಗೆ ಕೆಲಸ ಹೇಳಿ, ಅವಳು ಕಿರಿಯಳಿಗೆ ಹೇಳಿ, ಕಿರಿಯಳು ಗಂಡನಿಗೆ ಹೇಳಿದರೂ ‘ಪೇಂಟರ್ ಯಂತ್ರ’ವೇ. ಮನುಷ್ಯ ಬದುಕಿರುವಾಗಲೇ ಅವನ ಹೆಸರು ಬೈಗುಳವಾಗುವುದು ಸಣ್ಣ ಮಾತಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಇಷ್ಟೆಲ್ಲ ಯಂತ್ರ ಬರೆದವನು ತನ್ನ ಕೈಯಾರೆ ಒಂದನ್ನೂ ಮಾಡಿದವನಲ್ಲ. ಗೋಡೆಗೆ ಮೊಳೆ ಹೊಡೆಯಲು ಹೇಳಿದರೆ ಬೆರಳಿಗೆ ಹೊಡೆದುಕೊಳ್ಳುತ್ತಾನೆ.

ಈಗ ಜಗಳಕ್ಕೆ ಬರೋಣ. ಬಿದ್ದ ಸುದ್ದಿ ಕೇಳಿ ನಾನು ಫೋನ್ ಮಾಡಿದೆ.

“ಲೇ, ಗಂಟು ಕಟ್ಟು. ನಮ್ಮನಿಗೆ ಬಾ.”

“ಯಾಕಕ್ಕ?”

“ಮತ್ತ ಬಿದ್ರ ಯಾರು ಎಬ್ಬಸ್ತಾರ?”

ಅವನು ಫೋನ್ ಇಟ್ಟ. ಮುಂದಿನ ವಾರ ಪತ್ರಿಕೆಯಲ್ಲಿ ಉತ್ತರ ಬಂತು. ಬಚ್ಚಲಲ್ಲಿ ಒಬ್ಬ ಮುದುಕ ಬೀಳುತ್ತಾನೆ. ಅವನ ಕಾಲು ಬಕೆಟ್ಟಿಗೆ ತಾಗಿ, ಬಕೆಟ್ಟು ಉರುಳಿ, ಬೆಕ್ಕು ಹಾರಿ, ಏತದ ಕೋಲು ಬಗ್ಗಿ, ಮುದುಕ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಕುರ್ಚಿಯಲ್ಲಿ ಬಂದು ಕೂರುತ್ತಾನೆ, ಕೈಯಲ್ಲಿ ಚಹಾ ಸಮೇತ.

ನಾನು ಬಿಡುವವಳೇ? ಮತ್ತೆ ಫೋನ್ ಮಾಡಿದೆ. “ಹೊತ್ತಿಗೆ ಸರಿಯಾಗಿ ಗುಳಿಗಿ ಯಾರು ಕೊಡ್ತಾರ?” ಅಂದೆ. ಮರುವಾರ ಹುಂಜವೊಂದು ಬಾಯಿಗೆ ಗುಳಿಗೆ ಉಗುಳುವ ಯಂತ್ರ ಬಂತು. “ಮಾತಾಡಾಕ ಯಾರದಾರಲೇ ನಿನಗ?” ಅಂದೆ. ಅದರ ಮರುವಾರದ್ದು ಎಲ್ಲಕ್ಕಿಂತ ಕೆಟ್ಟದ್ದು. ಗಾಳಿ ಬಂದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಒಡೆದ ರೊಟ್ಟಿ ಹಂಚಿನ ಮೇಲೆ ಒಂದು ಸೌಟು ಕರಕರ ಅಂತ ಎಳೆಯುತ್ತದೆ. ಮುದುಕ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಸುಖವಾಗಿ ಕೂತಿದ್ದಾನೆ. ಊರಿಗೆಲ್ಲ ತಿಳಿಯಿತು, ಆ ಸೌಟು ಯಾರ ದನಿ ಅಂತ.

ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಮೊದಲು ಬುಟ್ಟಿಗಟ್ಟಲೆ ಬಡಿಯುತ್ತಿದ್ದೆ, ಈಗ ಮೊಣಕಾಲು ಮಾತು ಕೇಳುವಷ್ಟು ಮಾತ್ರ. ನಾನು ರೊಟ್ಟಿ ಕೊಡುವ ಖಾನಾವಳಿಯ ಅಕ್ಕಮ್ಮ ಆ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು. ಉಣ್ಣಲು ಬಂದವರು ಪಕ್ಷ ಕಟ್ಟಿಕೊಂಡರು. ಅರ್ಧ ಜನ ಪೇಂಟರ್ ಪಕ್ಷ, ಅರ್ಧ ಜನ ನನ್ನದು. ನಾನು ರೊಟ್ಟಿ ಬುಟ್ಟಿ ಇಳಿಸಿದ ಕೂಡಲೇ ಕೇಳುವುದು:

“ಏನಬೇ, ನಿನ್ನ ತಮ್ಮ ಬಂದನೇನು?”

“ಬಂದಿಲ್ಲಪ್ಪ. ನಿನ್ನ ರೊಟ್ಟಿ ಬಂದೈತಿ, ತಿನ್ನು.”

“ಈ ಸರ್ತಿ ಏನ್ ಕೇಳಿದಿ ಆತಗ?”

“ಸತ್ರ ಯಾರು ಹೊರ್ತಾರ ಅಂತ ಕೇಳೀನಿ. ಅದಕ್ಕೊಂದು ಯಂತ್ರ ಬರೀಲಿ ನೋಡೋಣು.”

ಅಕ್ಕಮ್ಮ ಸೌಟು ಕೆಳಗಿಟ್ಟು, “ಬಿಡು ಬೇ, ಅಂಥಾ ಮಾತ್ಯಾಕ” ಅಂದಳು. ಆ ವಾರ ಪತ್ರಿಕೆಯಲ್ಲಿ ಅವನ ಚಿತ್ರವೇ ಬರಲಿಲ್ಲ. ಅದರ ಜಾಗದಲ್ಲಿ ಸಿಮೆಂಟಿನ ಜಾಹೀರಾತು ಇತ್ತು. ನನಗೆ ರೊಟ್ಟಿ ತಟ್ಟಲು ಕೈ ಬರಲಿಲ್ಲ. ಹಿಟ್ಟು ಹಾಗೇ ಮುಚ್ಚಿಟ್ಟು ಕಂಪ್ಲಿ ಬಸ್ಸು ಹತ್ತಿದೆ. ಈ ಸಲ ರಟ್ಟೆ ಹಿಡಿದು ಎಳೆದುಕೊಂಡು ಬರುವುದು ಅಂತಲೇ ಹೋದದ್ದು.

ಹೋದರೆ ಕೋಣೆಯ ಬಾಗಿಲು ತೆರೆದಿದೆ, ಅವನಿಲ್ಲ. ಗಿರಣಿಯ ಕಾವಲುಗಾರ, “ಕಟಿಂಗ್ ಮಾಡಿಸ್ಕೊಂಡು ಬರ್ತೀನಿ ಅಂತ ಹೋದ್ರು” ಅಂದ. ಆರಾಮವಾಗಿದ್ದಾನೆ! ನನ್ನ ಎದೆ ತಣ್ಣಗಾಯಿತು, ಆಮೇಲೆ ಸಿಟ್ಟು ಬಂತು. ಚಿತ್ರ ಯಾಕೆ ಬರಲಿಲ್ಲ ಅಂತ ಆಮೇಲೆ ತಿಳಿಯಿತು: ಬರೆದ ಕಾಗದದ ಮೇಲೆ ಚಹಾ ಚೆಲ್ಲಿಕೊಂಡಿದ್ದ.

ಕೋಣೆ ನೋಡಿದೆ. ಬಣ್ಣದ ಡಬ್ಬಿ, ಕಾಗದ, ಬೀಡಿ ತುಂಡು. ಹಾಸಿಗೆಯ ಮೇಲಿನ ಕೌದಿ ಯಾವ ಕಾಲದಲ್ಲಿ ನೀರು ಕಂಡಿತ್ತೋ. ಅದು ನಮ್ಮವ್ವ ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಕೌದಿ, ಒಣಗಿದ್ದಾಗಲೇ ಒಂದು ಆಳಿನ ಹೊರೆ. ಬರುವುದರೊಳಗೆ ಒಗೆದು ಹಾಕೋಣ ಅಂತ ಬಚ್ಚಲಿಗೆ ಎಳೆದುಕೊಂಡು ಹೋಗಿ, ಸೋಪು ಹಚ್ಚಿ, ತುಳಿದು ತುಳಿದು ಒಗೆದೆ. ಹಿಂಡಲು ನನ್ನ ಕೈಯಿಂದ ಆಗಲಿಲ್ಲ. ಒಣ ಹಾಕಲು ಅತ್ತಿತ್ತ ನೋಡಿದರೆ ಕೋಣೆಯೊಳಗೇ ಒಂದು ಹಗ್ಗ ಕಾಣಿಸಿತು. ಮಂಚದ ತಲೆಯ ಕಡೆಯಿಂದ ಹೊರಟು, ಬಚ್ಚಲಿನ ಬಾಗಿಲು ಹಾಯ್ದು, ಗೋಡೆಯ ಗುಂಟ ಹೋಗಿ, ಕಿಟಕಿಯಿಂದ ಹೊರಗೆ ಬಿದ್ದಿತ್ತು. ಬಟ್ಟೆ ಹಾಕುವ ಹಗ್ಗವನ್ನೂ ಸರಿಯಾಗಿ ಕಟ್ಟಲು ಬಾರದವನು ಅಂತ ಬೈದುಕೊಂಡು, ನೀರು ಸುರಿಯುತ್ತಿದ್ದ ಕೌದಿಯನ್ನು ಎತ್ತಿ ಅದರ ಮೇಲೆ ಹಾಕಿದೆ. ಹಗ್ಗ ಜಗ್ಗಿ ಮೊಣಕಾಲಿನ ತನಕ ಇಳಿದು, ಭಾರಕ್ಕೆ ಮೇಲೆ ಕೆಳಗೆ ತೂಗಾಡುತ್ತಲೇ ಇತ್ತು.

ನಾನು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದೆ. ಹೊರಗೆ ಧಡಧಡ ಕಾಲಿನ ಸದ್ದು. ಎದುರಿನ ಚಹಾದಂಗಡಿಯವನು ಕೈಯಲ್ಲಿ ಸೋಸುವ ಬಟ್ಟೆ ಹಿಡಿದುಕೊಂಡೇ ಒಳಗೆ ನುಗ್ಗಿದ. ಅವನ ಹಿಂದೆ ಅಕ್ಕಿ ಗಿರಣಿಯ ಹಮಾಲಿ, ಮೈತುಂಬ ತೌಡು, ಮುಂದೆ ಚೀಲ ಸಾಗಿಸುವ ತಳ್ಳುಗಾಡಿ. ಅವನ ಹಿಂದೆ ಪಕ್ಕದ ಮನೆಯ ಟೇಲರ್ ಹೆಂಗಸು, ಕೊರಳಲ್ಲಿ ಟೇಪು.

“ಎಲ್ಲಿ ಬಿದ್ದಾರ್ರಿ?” ಅಂದ ಚಹಾದಂಗಡಿಯವನು.

“ಯಾರು?”

“ಪೇಂಟರಣ್ಣ.”

“ಅವ ಯಾಕ ಬೀಳ್ತಾನ? ಕಟಿಂಗಿಗೆ ಹೋಗ್ಯಾನ.”

“ಮತ್ತ ಗಂಟಿ ಒಂದೇ ಸವನೆ ಹೊಡಕೋಳಾಕ ಹತ್ತೈತಲ್ರಿ ನನ್ನ ಅಂಗಡ್ಯಾಗ.”

“ಯಾವ ಗಂಟಿ?”

ಮೂವರೂ ಕೌದಿಯನ್ನು ನೋಡಿದರು. ಕೌದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟೇಲರ್ ಹೆಂಗಸು ಮೊದಲು ನಕ್ಕಳು.

ವಿಷಯ ಇಷ್ಟು. ಹಗ್ಗದ ಆ ತುದಿ ಚಹಾದಂಗಡಿಯಲ್ಲಿ ಒಂದು ಗಂಟೆಗೆ ಕಟ್ಟಿದೆ. ಬೆಳಿಗ್ಗೆ ಇವನು ಮಲಗಿದಲ್ಲಿಂದಲೇ ಒಮ್ಮೆ ಜಗ್ಗಿದರೆ, ಎದ್ದಿದ್ದೇನೆ, ಚಹಾ ಕಳಿಸು ಅಂತ ಅರ್ಥ. ಗಂಟೆ ನಿಲ್ಲದೆ ಬಾರಿಸಿದರೆ, ಬಿದ್ದಿದ್ದೇನೆ, ಬನ್ನಿ ಅಂತ. ಹೊತ್ತು ಏರಿದರೂ ಬಾರಿಸದಿದ್ದರೆ ಆಗಲೂ ಬರಬೇಕು. ಹಗ್ಗ ಕಟ್ಟಿದವನು ಹಮಾಲಿ, ಗಂಟೆ ಸಾಹುಕಾರರದ್ದು, ಹೊತ್ತಿಗೆ ಗುಳಿಗೆ ಕೊಡುವವಳು ಟೇಲರ್ ಹೆಂಗಸು. ಅಮಾವಾಸ್ಯೆಯ ದಿನ ಗಿರಣಿಗೆ ರಜೆ ಇರುತ್ತದಲ್ಲ, ಅವತ್ತು ಎಲ್ಲರೂ ಸೇರಿ ಒಂದು ಸಲ ಓಡಿ ಬಂದು ಇವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬೀದಿಯ ಕೊನೆಯ ತನಕ ಹೋಗಿ ಬರುತ್ತಾರಂತೆ, ಅಭ್ಯಾಸಕ್ಕೆ.

“ಬಂದದ್ದ ಬಂದೀವಿ, ನಿಮ್ಮನ್ನರ ಕುಂದ್ರಿಸ್ಕೊಂಡು ಹೋಗೋಣೇನ್ರೀ ಅಮ್ಮಾ?” ಅಂದ ಹಮಾಲಿ.

“ಮುಟ್ಟಿ ನೋಡು” ಅಂದೆ.

ಅಷ್ಟರಲ್ಲಿ ನನ್ನ ತಮ್ಮ ಬಂದ. ಒಂದು ಕೆನ್ನೆಯ ಮೇಲೆ ಸೋಪಿನ ನೊರೆ, ಕೊರಳಲ್ಲಿ ಕ್ಷೌರದಂಗಡಿಯ ಬಿಳಿ ಬಟ್ಟೆ. ಗಂಟೆ ಕೇಳಿ ಅರ್ಧಕ್ಕೇ ಎದ್ದು ಓಡಿ ಬಂದಿದ್ದ. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟ.

“ನೀ ಯಾಕಲೇ ಓಡಿ ಬಂದಿ?”

“ನಾ ಬಿದ್ದೀನೇನೋ ಅಂತ ನೋಡಾಕ ಬಂದೆ.”

ಈ ಬುದ್ಧಿಗೆ ಪತ್ರಿಕೆಯವರು ಹೂಮಾಲೆ ಹಾಕಿದ್ದಾರೆ.

ಜನ ಹೋದ ಮೇಲೆ ಅವನ ಒಲೆಯಲ್ಲೇ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿಕೊಟ್ಟೆ. ತಿನ್ನುತ್ತಾ ಕೂತ. ನನಗೆ ತಡೆಯಲಾಗಲಿಲ್ಲ.

“ಅಲ್ಲಲೇ, ಇದೊಂದು ಯಂತ್ರ ಐತಿ ಅಂತ ಯಾಕ ಹೇಳ್ಲಿಲ್ಲ? ಬೆಕ್ಕು, ಹುಂಜ ಎಲ್ಲಾ ಬರದಿ. ಇದನ್ನ್ಯಾಕ ಬರೀಲಿಲ್ಲ?”

“ಇದು ಕೆಲಸ ಮಾಡತೈತಲ್ಲಕ್ಕ. ಕೆಲಸ ಮಾಡೋದನ್ನ ಬರದ್ರ ಯಾರು ನಗ್ತಾರ?”

ನಾನು ಕೇಳಲು ಬಂದದ್ದೆಲ್ಲ ಅಲ್ಲಿಗೆ ಮುಗಿಯಿತು. ಬಿದ್ದರೆ ಎಬ್ಬಿಸಲು ಗಿರಣಿಯ ಹಮಾಲಿ ಇದ್ದಾನೆ. ಗುಳಿಗೆ ಕೊಡಲು ಟೇಲರ್ ಹೆಂಗಸು ಇದ್ದಾಳೆ. ಮಾತಾಡಲು ಇಡೀ ಚಹಾದಂಗಡಿ ಇದೆ. ನನ್ನ ಮನೆಗೆ ಬಾ ಅನ್ನಲು ನನ್ನ ಹತ್ತಿರ ಕಾರಣ ಉಳಿದಿರಲಿಲ್ಲ. ಆದರೂ “ಬಾ” ಅಂದೆ. ಅಭ್ಯಾಸಬಲ.

ಅವನು ತುತ್ತು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದ. “ಯಕ್ಕ, ನಿನ್ನ ಮನ್ಯಾಗ ಹಗಲಿನ್ಯಾಗ ಯಾರಿರ್ತಾರ?”

“ಮಗ ಫ್ಯಾಕ್ಟರಿಗೆ ತೋರಣಗಲ್ಲಿಗೆ ಹೋಗ್ತಾನ. ಸೊಸಿ ಸಾಲಿಗೆ ಹೋಗ್ತಾಳ, ಟೀಚರ್ ಅಲ್ಲೇನು.”

“ಅವರು ಎಲ್ಲಿ ಹೋಗ್ತಾರ ಅಂತ ಕೇಳ್ಲಿಲ್ಲ. ಯಾರಿರ್ತಾರ ಅಂದೆ.”

“ರೊಟ್ಟಿ ಹಂಚು ಇರತೈತಿ” ಅಂದೆ.

ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಮಿಕ್ಕದ್ದು ನಾನು ಹೇಳಲಿಲ್ಲ. ಹೇಳುವುದು ಏನಿದೆ? ಒಲೆಯ ಮುಂದೆ ಕೂತಾಗ ಒಂದೊಂದು ಸಲ ಮೊಣಕಾಲು ಹಿಡಿದು ಏಳಲು ಆಗುವುದಿಲ್ಲ. ಮಗ ಬರುವುದು ಸಂಜೆ. ತಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಪಕ್ಷ ಕಟ್ಟಿದ ಜನವೂ ನಂಬಿದರು. ಅವನೊಬ್ಬನೇ ನಂಬಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದವನು ನನ್ನ ಫೋನ್ ಕಸಿದುಕೊಂಡ. ಒಂದು ಗುಂಡಿ ತೋರಿಸಿದ.

“ಬೆಳಿಗ್ಗೆ ಎದ್ದು ಮಕ ತೊಳಕೊಂಡ ಕೂಡ್ಲೆ ಇದನ್ನ ಒತ್ತು. ನನ್ನ ಫೋನು ಎಲ್ಡು ಸರ್ತಿ ಹೊಡಕೊಂಡ ಮ್ಯಾಲೆ ಕಟ್ ಮಾಡು. ನಾ ಎತ್ತಂಗಿಲ್ಲ.”

“ಯಾಕ? ಈಗ ಮಾತಾಡಿದ್ರ ರೊಕ್ಕ ಹೋಗಂಗಿಲ್ಲ ಅಂತಾರಲ್ಲ.”

“ರೊಕ್ಕಲ್ಲಕ್ಕ. ಎತ್ತಿದ್ರ ನೀ ಮಾತು ಚಾಲೂ ಮಾಡ್ತಿ. ನೀ ಮುಗಸೋದ್ರಾಗ ನನ್ನ ಚಾ ಆರತೈತಿ.”

ಅಂದಿನಿಂದ ಹಾಗೇ ನಡೆಯುತ್ತಿದೆ. ಬೆಳಿಗ್ಗೆ ನಾನು ಒತ್ತುತ್ತೇನೆ. ಕಂಪ್ಲಿಯಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅದನ್ನು ಕೇಳಿ ಅವನು ಕಣ್ಣು ಬಿಟ್ಟು ಹಗ್ಗ ಜಗ್ಗುತ್ತಾನೆ. ಚಹಾದಂಗಡಿಯಲ್ಲಿ ಗಂಟೆ ಬಾರಿಸುತ್ತದೆ. ಚಹಾ ಬರುತ್ತದೆ. ಅವನು ಎದ್ದೇಳಬೇಕಾದರೆ ಇಷ್ಟು ಜನ ಬೇಕು. ನಾನು ಮೊದಲೇ ಹೇಳಲಿಲ್ಲವೇ?

ಒಂದು ದಿನ ಕರೆಂಟು ಹೋಗಿ ನನ್ನ ಫೋನ್ ಸತ್ತಿತ್ತು. ಅವತ್ತು ಖಾನಾವಳಿಯಿಂದ ಹೆಚ್ಚಿಗೆ ರೊಟ್ಟಿ ಹೇಳಿದ್ದರು. ಮಗ, ಸೊಸೆ ಹೋದ ಮೇಲೆ ಒಲೆ ಹಚ್ಚಿ ಕೂತವಳು ಫೋನಿನ ನೆನಪು ಮಾಡಿಕೊಳ್ಳಲಿಲ್ಲ. ರೊಟ್ಟಿ ತಟ್ಟುತ್ತಿದ್ದೆ. ಬಾಗಿಲು ಢಬ್ ಅಂತ ತೆರೆಯಿತು.

ನನ್ನ ತಮ್ಮ ನಿಂತಿದ್ದ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಯಾರದೋ. ಬಚ್ಚಲಲ್ಲಿ ಬಿದ್ದಾಗಲೂ ಬರದವನು, ವರ್ಷವೆಲ್ಲ ನಾನು ಕರೆದರೂ ಬರದವನು, ಮುಖವನ್ನೂ ತೊಳೆಯದೆ ಬಂದಿದ್ದ. ಅವನ ಹಿಂದೆ ಮೈತುಂಬ ತೌಡಿನ ಆ ಹಮಾಲಿ.

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದೆ. ಅವನು ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತ.

“ಈತನ್ನ ಯಾಕ ಕರಕೊಂಡು ಬಂದೀಯಲೇ?” ಅಂತ ಕೇಳಿದೆ.

“ನೀ ಭಾಳ ದಪ್ಪ ಅದಿ” ಅಂದ. “ನನ್ನೊಬ್ಬನ ಕೈಲೆ ಎತ್ತಾಕ ಆಗ್ತಿರಲಿಲ್ಲ.”

ನಾನು ಕೇಳಿಸಿಕೊಳ್ಳದವಳ ಹಾಗೆ ರೊಟ್ಟಿ ತಿರುವಿ ಹಾಕಿದೆ. ಇಬ್ಬರಿಗೂ ಬಿಸಿ ರೊಟ್ಟಿ ಹಾಕಿದೆ, ಹಮಾಲಿಗೆ ಒಂದು ಹೆಚ್ಚು. ಸಂಜೆಯ ಬಸ್ಸಿಗೆ ಹೋದರು.

ಈಗ ಒಂದೊಂದು ಬೆಳಿಗ್ಗೆ, ಮನೆ ಹೆಚ್ಚು ಬಣಗುಟ್ಟುವ ದಿನ, ಫೋನ್ ಕೈಯಲ್ಲಿ ಹಿಡಿದುಕೊಂಡು ಇವತ್ತು ಒತ್ತದೆ ಬಿಟ್ಟರೆ ಹೇಗೆ ಅಂತ ಯೋಚಿಸುತ್ತೇನೆ. ಊಟದ ಹೊತ್ತಿಗೆ ಬಂದುಬಿಡುತ್ತಾನೆ. ಆದರೆ ಕಂಪ್ಲಿ ಬಸ್ಸಿನಲ್ಲಿ ಬೆಳಿಗ್ಗೆ ಕೂರಲು ಜಾಗ ಸಿಗುವುದಿಲ್ಲ, ಅಷ್ಟು ದೂರ ನಿಂತೇ ಬರಬೇಕು.

ಒತ್ತಿಬಿಡುತ್ತೇನೆ.